ಅಪಾರ್ಟ್‌ಮೆಂಟಿನ ಪಂಪು, ಲಿಫ್ಟು, ಜನರೇಟರುಗಳ ನಿರ್ವಹಣೆಗೆ ತಂತ್ರಾಂಶ: ಎಲ್ಲಿಂದ ಶುರು ಮಾಡಬೇಕು?

ಅಪಾರ್ಟ್‌ಮೆಂಟ್ ಸಂಘಕ್ಕೆ ಹೊಸ ಸಮಿತಿ ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಯಂತ್ರಗಳ ನಿರ್ವಹಣೆಗೆ ಯಾವ ಆ್ಯಪ್ ಒಳ್ಳೆಯದು?” ಓದುಗರಿಂದಲೂ ಇದೇ ಪ್ರಶ್ನೆ ಎಷ್ಟೋ ಸಲ ಬಂದಿದೆ. ಉತ್ತರ ಈ ಲೇಖನದಲ್ಲಿದೆ, ಆದರೆ ನಾಲ್ಕನೆಯ ಹಂತದಲ್ಲಿದೆ. ಮೊದಲ ಮೂರನ್ನು ಬಿಟ್ಟು ನೇರವಾಗಿ ಅಲ್ಲಿಗೆ ಹೋದವರು ವರ್ಷದ ಚಂದಾ ಕಟ್ಟಿ, ಆರು ತಿಂಗಳಲ್ಲಿ ಮತ್ತೆ ಹಳೆಯ ಲಾಗ್ ಬುಕ್ಕಿಗೆ ಮರಳಿದ್ದನ್ನು ನೋಡಿದ್ದೇನೆ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ.

ಇಲ್ಲಿ ಹೇಳುವುದು 50ರಿಂದ 300 ಮನೆಗಳಿರುವ ಸಮುಚ್ಚಯವನ್ನು ಮನಸ್ಸಿನಲ್ಲಿಟ್ಟುಕೊಂಡು. ಶಾಲೆ, ಕಲ್ಯಾಣ ಮಂಟಪ, ಸಣ್ಣ ನರ್ಸಿಂಗ್ ಹೋಂ ನಡೆಸುವವರಿಗೂ ಬಹುಪಾಲು ಹೊಂದುತ್ತದೆ. ಎಲ್ಲ ಕಡೆ ಇರುವುದು ಅದೇ ಮೋಟಾರು, ಅದೇ ಸಂಪು.

ಮೊದಲು ಒಂದು ಪದ. ಮಾರಾಟಕ್ಕೆ ಬರುವವರು ‘ಸಿಎಂಎಂಎಸ್’ ಎನ್ನುತ್ತಾರೆ. ಗಾಬರಿಯಾಗಬೇಕಿಲ್ಲ. ಯಾವ ಯಂತ್ರ ಎಲ್ಲಿದೆ, ಅದಕ್ಕೆ ಯಾವಾಗ ಏನು ಮಾಡಬೇಕು, ಯಾರು ಮಾಡಿದರು, ಎಷ್ಟು ಖರ್ಚಾಯಿತು ಎಂಬುದನ್ನು ಬರೆದಿಟ್ಟು, ಹೊತ್ತಿಗೆ ಸರಿಯಾಗಿ ನೆನಪಿಸುವ ಗಣಕದ ವಹಿ ಅದು, ಅಷ್ಟೆ. ನಿಮ್ಮಲ್ಲಿ ಈಗಾಗಲೇ ದೂರು ದಾಖಲಿಸುವ ಆ್ಯಪ್ ಇರಬಹುದು. ಅದು ಬೇರೆ, ಇದು ಬೇರೆ. ದೂರು ಶುರುವಾಗುವುದು ನಲ್ಲಿಯಲ್ಲಿ ನೀರು ನಿಂತ ಮೇಲೆ, ಮನೆಯವರಿಂದ. ನಿರ್ವಹಣೆ ಶುರುವಾಗಬೇಕಾದದ್ದು ನೀರು ನಿಲ್ಲುವುದಕ್ಕೆ ಮುಂಚೆ, ಪಂಪ್ ಕೋಣೆಯಿಂದ.

ಕೈಗೆ ಬೇಕಾಗುವುದು ಇಷ್ಟು: ಎರಡು ಭಾನುವಾರ, ಒಂದು ಟಾರ್ಚು, ಕ್ಯಾಮೆರಾ ಇರುವ ಮೊಬೈಲು, ಬಿಲ್ಡರ್ ಕೊಟ್ಟುಹೋದ ಕೈಪಿಡಿಗಳ ಕಡತ (ಸಿಕ್ಕರೆ ನಿಮ್ಮ ಪುಣ್ಯ), ಮತ್ತು ನಿಮ್ಮ ಎಲೆಕ್ಟ್ರಿಷಿಯನ್. ಕೊನೆಯದು ಇಲ್ಲದೆ ಉಳಿದ ಯಾವುದೂ ಕೆಲಸಕ್ಕೆ ಬರುವುದಿಲ್ಲ.

1. ಯಂತ್ರಗಳ ಪಟ್ಟಿ ಮಾಡಿ, ಕುಳಿತಲ್ಲಿ ಅಲ್ಲ, ನಡೆದು

ಬಿಲ್ಡರ್ ಕೊಟ್ಟ ಪಟ್ಟಿಯನ್ನು ನಕಲು ಮಾಡಬೇಡಿ. ಅದರಲ್ಲಿರುವ ಎರಡು ಪಂಪುಗಳಲ್ಲಿ ಒಂದನ್ನು ಯಾವಾಗಲೋ ಬದಲಿಸಿರುತ್ತಾರೆ, ಆಮೇಲೆ ಹಾಕಿಸಿದ ಕೊಳವೆ ಬಾವಿಯ ಮೋಟಾರು ಪಟ್ಟಿಯಲ್ಲಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಜೊತೆ ತಾರಸಿಯಿಂದ ಶುರು ಮಾಡಿ ನೆಲಮಾಳಿಗೆಯವರೆಗೆ ಇಳಿಯಿರಿ. ಲಿಫ್ಟಿನ ಯಂತ್ರ ಕೋಣೆ, ಮೇಲ್ತೊಟ್ಟಿ, ಟ್ರಾನ್ಸ್‌ಫಾರ್ಮರ್, ಮುಖ್ಯ ಪ್ಯಾನೆಲ್, ಡಿ.ಜಿ. ಸೆಟ್ (ಡೀಸೆಲ್ ಜನರೇಟರು), ಸಂಪು, ಒತ್ತಡದಲ್ಲಿ ನೀರು ಕಳಿಸುವ ಹೈಡ್ರೋ ಪಂಪು, ಅಗ್ನಿಶಾಮಕ ಪಂಪುಗಳು, ಎಸ್‌ಟಿಪಿ ಎಂದು ಎಲ್ಲರೂ ಕರೆಯುವ ಕೊಳಚೆ ನೀರು ಶುದ್ಧೀಕರಣ ಘಟಕ ಎಲ್ಲವನ್ನೂ ಕಣ್ಣಾರೆ ನೋಡಿ.

ಪ್ರತಿ ಯಂತ್ರಕ್ಕೂ ಎರಡು ಚಿತ್ರ ತೆಗೆಯಿರಿ. ಒಂದು ಇಡೀ ಯಂತ್ರದ್ದು, ಇನ್ನೊಂದು ಅದರ ನಾಮಫಲಕದ್ದು, ಅಂದರೆ ತಯಾರಕರು, ಕ್ರಮಸಂಖ್ಯೆ, ಅಶ್ವಶಕ್ತಿ, ಆಂಪಿಯರ್ ಕೊರೆದಿರುವ ಲೋಹದ ಪಟ್ಟಿಯದ್ದು. ನಾಮಫಲಕದ ಆಂಪಿಯರ್ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ: ಮೋಟಾರು ಎಳೆಯುತ್ತಿರುವ ಕರೆಂಟು ಅದನ್ನು ಮೀರಿದರೆ ಬೇರಿಂಗೋ ವೈಂಡಿಂಗೋ ತೊಂದರೆ ಕೊಡಲಿರಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅತಿಯಾದ ಉತ್ಸಾಹ. ಮೆಟ್ಟಿಲಿನ ಬಲ್ಬು, ತೋಟದ ನಲ್ಲಿ, ಕ್ಲಬ್ ಹೌಸಿನ ಕುರ್ಚಿಗಳನ್ನೂ ಪಟ್ಟಿಗೆ ಸೇರಿಸಿ ನಾನೂರು ಸಾಲು ಮಾಡುತ್ತಾರೆ. ಕೆಟ್ಟರೆ ಅನೇಕ ಮನೆಗಳಿಗೆ ತೊಂದರೆಯಾಗುವಂಥದ್ದು, ಜೀವಕ್ಕೆ ಅಪಾಯ ತರುವಂಥದ್ದು, ಇಲ್ಲವೇ ಕಾನೂನು ಕೇಳುವಂಥದ್ದು ಮಾತ್ರ ಮೊದಲ ಪಟ್ಟಿಯಲ್ಲಿರಲಿ. ನೂರು ಮನೆಗಳ ಸಮುಚ್ಚಯಕ್ಕೆ 25ರಿಂದ 40 ಸಾಲು ಧಾರಾಳವಾಯಿತು. ಬಲ್ಬು ಹೋದರೆ ದೂರು ಬರುತ್ತದೆ, ಬಿಡಿ.

2. ಜಾಗಕ್ಕೊಂದು ಹೆಸರು, ಯಂತ್ರಕ್ಕೊಂದು ಹೆಸರು

ಈ ಹಂತವನ್ನು ಐದು ನಿಮಿಷದ ಕೆಲಸವೆಂದುಕೊಂಡು ಕೆಡಿಸುವವರೇ ಹೆಚ್ಚು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎ ಬ್ಲಾಕಿನ ಸಂಪಿನಲ್ಲಿ ಎರಡು ಪಂಪುಗಳಿವೆ. ಅವನ್ನು ‘ಎ-ಪಂಪು-1’, ‘ಎ-ಪಂಪು-2’ ಎಂದು ಬರೆದಿರಿ. ಒಂದು ದಿನ ಪಂಪು-1ರ ಮೋಟಾರು ಸುಟ್ಟಿತು. ರೀವೈಂಡಿಂಗಿಗೆ, ಅಂದರೆ ತಾಮ್ರದ ಸುರುಳಿ ಹೊಸದಾಗಿ ಸುತ್ತಿಸಲು ಕಳಿಸಿದಿರಿ. ಅಷ್ಟರಲ್ಲಿ ಬಿ ಬ್ಲಾಕಿನಲ್ಲಿದ್ದ ಹೆಚ್ಚುವರಿ ಮೋಟಾರನ್ನು ತಂದು ಇಲ್ಲಿ ಕೂರಿಸಿದರು. ಸುತ್ತಿಸಿದ ಮೋಟಾರು ವಾಪಸು ಬಂದು ಬಿ ಬ್ಲಾಕಿನ ಮೂಲೆ ಸೇರಿತು. ಈಗ ‘ಎ-ಪಂಪು-1’ ಅಂದರೆ ಯಾವುದು? ಆ ಜಾಗವೇ, ಅಥವಾ ಸುಟ್ಟ ಮೋಟಾರೇ? ಒಂದು ವರ್ಷದ ನಂತರ “ಈ ಮೋಟಾರು ಎಷ್ಟನೆಯ ಸಲ ಸುಡುತ್ತಿದೆ?” ಎಂದು ಕೇಳಿದರೆ ತಂತ್ರಾಂಶ ಅದೆಷ್ಟು ಚೆನ್ನಾಗಿದ್ದರೂ ಸುಳ್ಳು ಉತ್ತರ ಕೊಡುತ್ತದೆ.

ಆದ್ದರಿಂದ ಎರಡು ಹೆಸರು ಇಡಿ. ಜಾಗದ ಹೆಸರು ಗೋಡೆಯ ಮೇಲೆ, ಬದಲಾಗದೆ ಇರುವುದು: ಎ-ಸಂಪು-1. ಯಂತ್ರದ ಹೆಸರು ಯಂತ್ರದ ಮೈಮೇಲೆ, ಅದು ಹೋದಲ್ಲೆಲ್ಲ ಹೋಗುವುದು: ಮೋ-07. ಮೋಟಾರು ಅದಲುಬದಲಾದಾಗ ‘ಎ-ಸಂಪು-1ರಲ್ಲಿ ಈಗ ಮೋ-12’ ಎಂದು ಬದಲಿಸಿದರೆ ಸಾಕು. ಅದೇ ಜಾಗದಲ್ಲಿ ಯಾವ ಮೋಟಾರು ಹಾಕಿದರೂ ಸುಡುತ್ತಿದೆಯೆಂದರೆ ತಪ್ಪು ಮೋಟಾರಿನದಲ್ಲ. ಸಂಪಿನಲ್ಲಿ ನೀರು ಬತ್ತಿ ಒಣ ಓಡುತ್ತಿದೆ, ಇಲ್ಲವೇ ಸ್ಟಾರ್ಟರಿನಲ್ಲಿ ಒಂದು ಫೇಸ್ ಕೈಕೊಡುತ್ತಿದೆ. ಅದೇ ಮೋಟಾರು ಎಲ್ಲಿ ಹೋದರೂ ಸುಡುತ್ತಿದೆಯೆಂದರೆ ರೀವೈಂಡಿಂಗಿನವರನ್ನು ಬದಲಿಸುವ ಹೊತ್ತಾಯಿತು. ನನ್ನ ಮಟ್ಟಿಗೆ, ನಿರ್ವಹಣಾ ತಂತ್ರಾಂಶಕ್ಕೆ ಕೊಟ್ಟ ದುಡ್ಡು ಮರಳಿ ಬರುವುದು ಇಂಥ ಒಂದೆರಡು ಉತ್ತರಗಳಿಂದಲೇ.

ಹೆಸರಿನ ಜೊತೆ ಕ್ಯೂಆರ್ ಕೋಡ್ ಅಂಟಿಸಬಹುದು. ಮೊಬೈಲು ಹಿಡಿದರೆ ಆ ಯಂತ್ರದ ಪುಟ ತೆರೆದುಕೊಳ್ಳುತ್ತದೆ. ಆದರೆ ಸಾಧಾರಣ ಕಾಗದದ ಮೇಲೆ ಮುದ್ರಿಸಿ ಅಂಟಿಸಿದರೆ ಎಸ್‌ಟಿಪಿಯ ತೇವಕ್ಕೆ ಒಂದು ಮಳೆಗಾಲ ದಾಟುವುದಿಲ್ಲ. ಲ್ಯಾಮಿನೇಟ್ ಮಾಡಿಸಿ ತಂತಿಯಿಂದ ಕಟ್ಟಿ. ಕೋಡಿನ ಕೆಳಗೆ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿ.

3. ಏನು ಮಾಡಬೇಕು, ಎಷ್ಟಕ್ಕೊಮ್ಮೆ ಮಾಡಬೇಕು

ಕೆಡುವ ಮೊದಲೇ ಮಾಡುವ ಸರ್ವಿಸಿಗೆ ‘ಪಿ.ಎಂ.’ ಎನ್ನುತ್ತಾರೆ, ಮುಂಜಾಗ್ರತಾ ನಿರ್ವಹಣೆ. ಇದರ ವೇಳಾಪಟ್ಟಿ ಎರಡು ಬಗೆ.

ಮೊದಲನೆಯದು ದಿನ ಲೆಕ್ಕದ್ದು: ಅಗ್ನಿಶಾಮಕ ಪಂಪನ್ನು ವಾರಕ್ಕೊಮ್ಮೆ ಓಡಿಸಿ ನೋಡುವುದು, ಮೇಲ್ತೊಟ್ಟಿಯನ್ನು ಆರು ತಿಂಗಳಿಗೊಮ್ಮೆ ತೊಳೆಸುವುದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಗುಂಡಿಯ ರೋಧವನ್ನು ವರ್ಷಕ್ಕೊಮ್ಮೆ ಅಳೆಸುವುದು. ಎರಡನೆಯದು ಗಂಟೆ ಲೆಕ್ಕದ್ದು: ಡಿ.ಜಿ. ಸೆಟ್ಟಿನ ಎಣ್ಣೆ, ಫಿಲ್ಟರು ಬದಲಿಸುವುದು. ಸರ್ವಿಸಿನವರು ಇದನ್ನು ‘ಬಿ ಚೆಕ್’ ಎನ್ನುತ್ತಾರೆ. ಇಷ್ಟು ಗಂಟೆ ಓಡಿದ ಮೇಲೆ, ಅಥವಾ ಇಷ್ಟು ತಿಂಗಳು ಕಳೆದ ಮೇಲೆ, ಯಾವುದು ಮೊದಲೋ ಆಗ ಎಂದು ಕೈಪಿಡಿಯಲ್ಲಿರುತ್ತದೆ. ಗಂಟೆಯ ಅಂಕಿಯನ್ನು ನಿಮ್ಮ ಯಂತ್ರದ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಪಕ್ಕದ ಅಪಾರ್ಟ್‌ಮೆಂಟಿನವರಿಂದ ಅಲ್ಲ. ಪ್ಯಾನೆಲಿನಲ್ಲಿರುವ ಅವರ್ ಮೀಟರ್, ಅಂದರೆ ಓಡಿದ ಗಂಟೆ ಎಣಿಸುವ ಮಾಪಕದ ಅಂಕಿಯನ್ನು ವಾರಕ್ಕೊಮ್ಮೆಯಾದರೂ ತಂತ್ರಾಂಶಕ್ಕೆ ಹಾಕುತ್ತಿದ್ದರೆ ಮಾತ್ರ ಈ ಎರಡನೆಯ ಬಗೆ ನಡೆಯುತ್ತದೆ.

ಈಗ ಬಹುತೇಕರು ಎಡವುವ ಜಾಗ. ತಿಂಗಳ 5ರಂದು ಮಾಡಬೇಕಾದ ಕೆಲಸವನ್ನು ಈ ಸಲ 20ಕ್ಕೆ ಮಾಡಿದಿರಿ ಎನ್ನಿ. ಮುಂದಿನದು ಯಾವಾಗ? ಬರುವ 5ಕ್ಕೋ, 20ಕ್ಕೋ? ತಂತ್ರಾಂಶ ನಿಮ್ಮನ್ನು ಇದನ್ನು ಕೇಳುತ್ತದೆ. ಕೆಲವು ಕೇಳದೆ ತಾವೇ ಒಂದನ್ನು ಹಿಡಿದುಕೊಳ್ಳುತ್ತವೆ, ಅದು ಇನ್ನೂ ಕೆಟ್ಟದ್ದು. ಸವೆತಕ್ಕೆ ಸಂಬಂಧಿಸಿದ್ದೆಲ್ಲ ಮುಗಿಸಿದ ದಿನದಿಂದ ಎಣಿಸಬೇಕು: ಎಣ್ಣೆ ಬದಲಿಸಿದ್ದು 20ಕ್ಕಾದರೆ ಹೊಸ ಎಣ್ಣೆಯ ಆಯುಸ್ಸು ಶುರುವಾದದ್ದೂ ಆವತ್ತೇ. ಕಾನೂನಿಗೆ, ಒಪ್ಪಂದಕ್ಕೆ ಸಂಬಂಧಿಸಿದ್ದೆಲ್ಲ ನಿಗದಿತ ದಿನಾಂಕದಿಂದಲೇ ಎಣಿಸಬೇಕು: ಲಿಫ್ಟಿನ ಪರವಾನಗಿಯ ಅವಧಿ ನೀವು ತಡಮಾಡಿದಿರೆಂದು ಮುಂದೆ ಹೋಗುವುದಿಲ್ಲ. ಲಿಫ್ಟ್ ಕಂಪನಿಯ ತಿಂಗಳ ಸರ್ವಿಸು ಕೂಡ ಈ ಗುಂಪಿನದೇ. ಮುಗಿಸಿದ ದಿನದಿಂದ ಎಣಿಸಿದರೆ ಪ್ರತಿ ಸಲ ಹತ್ತು ದಿನ ತಡವಾಗುತ್ತ ವರ್ಷಕ್ಕೆ 12 ಭೇಟಿಗೆ ಹಣ ಕೊಟ್ಟು ಒಂಬತ್ತನ್ನು ಪಡೆಯುತ್ತೀರಿ. ಯಾರಿಗೂ ಗೊತ್ತೂ ಆಗುವುದಿಲ್ಲ.

ಇನ್ನೊಂದು: ಎಲ್ಲ ಕೆಲಸಗಳಿಗೂ 1ನೇ ತಾರೀಕು ಕೊಡಬೇಡಿ. ಮೊದಲ ದಿನವೇ 30 ಎಚ್ಚರಿಕೆಗಳು ಬಂದರೆ ಎಲೆಕ್ಟ್ರಿಷಿಯನ್ ಮೊಬೈಲಿನ ಸದ್ದು ಆರಿಸುತ್ತಾರೆ. ನಾನಾಗಿದ್ದರೂ ಆರಿಸುತ್ತಿದ್ದೆ. ದಿನಕ್ಕೆ ಒಂದೆರಡು ಬರುವಂತೆ ತಿಂಗಳಿಡೀ ಹರಡಿ.

4. ಈಗ ತಂತ್ರಾಂಶ

15ಕ್ಕಿಂತ ಕಡಿಮೆ ಯಂತ್ರಗಳಿದ್ದರೆ ಏನನ್ನೂ ಕೊಳ್ಳಬೇಡಿ. ಗೂಗಲ್ ಶೀಟ್ಸ್‌ನಲ್ಲಿ ಮೂರು ಹಾಳೆ (ಯಂತ್ರ, ವೇಳಾಪಟ್ಟಿ, ಮಾಡಿದ ಕೆಲಸ) ಮತ್ತು ಕ್ಯಾಲೆಂಡರಿನ ನೆನಪೋಲೆ ಸಾಕು. ಮೂರು ತಿಂಗಳು ಹೀಗೆ ನಡೆಸಿದರೆ ನಿಮಗೆ ನಿಜವಾಗಿ ಏನು ಬೇಕೆಂಬುದೂ ತಿಳಿಯುತ್ತದೆ. ಹೆಚ್ಚು ಯಂತ್ರಗಳಿರುವವರೂ ಮೊದಲು ಹೀಗೆಯೇ ನಡೆಸಿ ನೋಡಲಿ ಎಂಬುದು ನನ್ನ ಸಲಹೆ.

ಮುಂದೆ ಮೂರು ದಾರಿಗಳಿವೆ. ಒಂದು, ಈಗಾಗಲೇ ಬಳಸುತ್ತಿರುವ ಮೈಗೇಟ್, ಅಡ್ಡಾ ಬಗೆಯ ಆ್ಯಪ್. ಇವು ಮೂಲತಃ ಗೇಟು, ಲೆಕ್ಕ, ದೂರುಗಳಿಗಾಗಿ ಹುಟ್ಟಿದವು. ನೀವು ಕಟ್ಟುತ್ತಿರುವ ಚಂದಾದಲ್ಲಿ ಯಂತ್ರಗಳ ದಾಖಲೆಯೂ ಸೇರಿದೆಯೇ ಎಂದು ವಿಚಾರಿಸಿ. ಸೇರಿದ್ದರೆ ಮೊದಲು ಅದನ್ನೇ ಬಳಸಿ ನೋಡಿ. ಎರಡು, ನಿರ್ವಹಣೆಗೆಂದೇ ಮಾಡಿದ, ತಿಂಗಳ ಬಾಡಿಗೆಯ ತಂತ್ರಾಂಶಗಳು. ಮೂರು, ಮುಕ್ತ ತಂತ್ರಾಂಶ, ಅಂದರೆ ಮೂಲ ಸಂಕೇತವನ್ನು ಯಾರು ಬೇಕಾದರೂ ಪಡೆದು ಬಳಸಬಹುದಾದದ್ದು. ಮುಂಬೈಯ ಫ್ರಾಪೆ ಸಂಸ್ಥೆ ರೂಪಿಸಿದ ಇಆರ್‌ಪಿನೆಕ್ಸ್ಟ್‌ನಲ್ಲಿ ಆಸ್ತಿಗಳ ನಿರ್ವಹಣೆ, ದುರಸ್ತಿಯ ವಿಭಾಗಗಳಿವೆ. ಒಡೂ ತಂತ್ರಾಂಶದ ಉಚಿತ ಆವೃತ್ತಿಯಲ್ಲೂ ನಿರ್ವಹಣೆಯ ಭಾಗವಿದೆ. ಉಚಿತ ಎಂದರೆ ಖರ್ಚಿಲ್ಲ ಎಂದಲ್ಲ. ಸರ್ವರು ನೋಡಿಕೊಳ್ಳುವ ಮನುಷ್ಯ ಬೇಕು. ಸಮುಚ್ಚಯದಲ್ಲಿರುವ ತಂತ್ರಾಂಶ ಎಂಜಿನಿಯರೊಬ್ಬರು “ನಾನು ನೋಡಿಕೊಳ್ಳುತ್ತೇನೆ” ಎಂದರೆ, ಅವರು ಮನೆ ಬದಲಿಸಿದಾಗ ಯಾರು ಎಂದು ಅಲ್ಲೇ ಕೇಳಿ.

ಯಾವ ದಾರಿ ಹಿಡಿದರೂ ಪರೀಕ್ಷೆ ಮಾಡುವ ಜಾಗ ಕ್ಲಬ್ ಹೌಸ್ ಅಲ್ಲ, ಪಂಪ್ ಕೋಣೆ. ಮಾರಾಟಕ್ಕೆ ಬಂದವರನ್ನು ಅಲ್ಲಿಗೇ ಕರೆದುಕೊಂಡು ಹೋಗಿ. ನೆಲಮಾಳಿಗೆಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಅಲ್ಲಿ ಬರೆದದ್ದನ್ನು ಹಿಡಿದಿಟ್ಟುಕೊಂಡು ಮೇಲೆ ಬಂದ ಮೇಲೆ ತಾನೇ ಕಳಿಸುವ ಶಕ್ತಿ ಆ್ಯಪ್‌ಗೆ ಇರಲೇಬೇಕು. ಇಲ್ಲದಿದ್ದರೆ ಎಲ್ಲವನ್ನೂ ಸಂಜೆ ಕಚೇರಿಯಲ್ಲಿ ಕುಳಿತು ಒಟ್ಟಿಗೆ ತುಂಬುತ್ತಾರೆ, ಆಂಪಿಯರ್ ಅಂಕಿಗಳು ನೋಡದೆ ಬರೆದವಾಗುತ್ತವೆ.

ಎರಡನೆಯ ಪರೀಕ್ಷೆ ಕನ್ನಡ. ಕನ್ನಡದಲ್ಲಿ ಟೈಪಿಸಿದ್ದು ಪರದೆಯ ಮೇಲೆ ಸರಿಯಾಗಿ ಕಂಡರೂ ಪಿಡಿಎಫ್ ವರದಿಯಲ್ಲಿ ಒತ್ತಕ್ಷರಗಳು ಚದುರಿ ಹೋಗುವ ತಂತ್ರಾಂಶಗಳಿವೆ. ‘ಮೇಲ್ತೊಟ್ಟಿ’, ‘ದುರಸ್ತಿ’, ‘ವಿದ್ಯುತ್’ ಎಂದು ಬರೆದು ವರದಿ ತೆಗೆದು ನೋಡಿ. ನಿಮ್ಮ ಹಳೆಯ ಪಟ್ಟಿ ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ, ಹೊಸ ತಂತ್ರಾಂಶಕ್ಕೆ ಹಾಕಿದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಮೂರನೆಯದು, ಎಲ್ಲ ದಾಖಲೆಗಳನ್ನೂ ಒಂದೇ ಸಲ ಎಕ್ಸೆಲ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ? “ಕೇಳಿದರೆ ನಾವು ಕಳಿಸುತ್ತೇವೆ” ಎಂಬ ಉತ್ತರ ಸಾಲದು. ಅವರ ಮುಂದೆಯೇ ನಿಮ್ಮ ಕೈಯಾರೆ ತೆಗೆದು ನೋಡಿ. ನಾಲ್ಕನೆಯದು ಬೆಲೆಯ ಲೆಕ್ಕ. ಬಳಕೆದಾರರ ತಲೆಗಿಷ್ಟು ಎಂದು ಬೆಲೆಯಿದ್ದರೆ ಸಂಘಗಳು ದುಡ್ಡು ಉಳಿಸಲು ಮೂರು ಪಾಳಿಯ ಸಿಬ್ಬಂದಿಗೆ ಒಂದೇ ಲಾಗಿನ್ ಕೊಡುತ್ತವೆ. ಆಮೇಲೆ ಡಿ.ಜಿ.ಯ ಎಣ್ಣೆ ನೋಡಿದ್ದು ಯಾರು ಎಂದು ಕೇಳಿದರೆ ತಂತ್ರಾಂಶ ‘ಸಿಬ್ಬಂದಿ’ ಎನ್ನುತ್ತದೆ.

5. ಕೆಲಸದ ಚೀಟಿ

ಇಂಥ ಯಂತ್ರಕ್ಕೆ ಇಂಥದ್ದನ್ನು ಇಂಥವರು ಮಾಡಬೇಕು ಎಂದು ತಂತ್ರಾಂಶ ಹೊರಡಿಸುವ ಆದೇಶಕ್ಕೆ ‘ವರ್ಕ್ ಆರ್ಡರ್’ ಎಂಬ ಹೆಸರು. ನಾವು ಕೆಲಸದ ಚೀಟಿ ಎನ್ನೋಣ. ಇಡೀ ವ್ಯವಸ್ಥೆ ನಿಲ್ಲುವುದೂ ಬೀಳುವುದೂ ಇದರ ಮೇಲೆ. ಅದನ್ನು ತುಂಬುವವರು ಸಮಿತಿಯ ಅಧ್ಯಕ್ಷರಲ್ಲ, ಕೈಗೆ ಗ್ರೀಸು ಮೆತ್ತಿಕೊಂಡ ಮನುಷ್ಯ. ಅವರಿಗೆ ಹತ್ತು ಖಾನೆಗಳನ್ನು ಕೊಟ್ಟರೆ ಹತ್ತರಲ್ಲೂ ‘ಓಕೆ’ ಎಂದು ಬರೆಯುತ್ತಾರೆ.

ಹಾಗಾಗಿ ಚೀಟಿಯಲ್ಲಿ ಅಂಕಿ ಅಥವಾ ಚಿತ್ರ ಕೇಳಿ, ಅಭಿಪ್ರಾಯ ಕೇಳಬೇಡಿ. ‘ಪಂಪು ಸರಿಯಿದೆಯೇ?’ ಎಂಬುದಕ್ಕೆ ಉತ್ತರ ಯಾವಾಗಲೂ ಹೌದು. ‘ಮೂರು ಫೇಸಿನ ಆಂಪಿಯರ್ ಎಷ್ಟು?’ ಎಂಬುದಕ್ಕೆ ಪ್ಯಾನೆಲ್ ಮುಂದೆ ನಿಲ್ಲಲೇಬೇಕು. ‘ಅಗ್ನಿಶಾಮಕ ಪಂಪು ಪರೀಕ್ಷಿಸಲಾಯಿತೇ?’ ಎನ್ನುವ ಬದಲು ‘ಆಟೋ-ಮ್ಯಾನುಯಲ್ ಗುಂಡಿ ಯಾವುದರಲ್ಲಿದೆ? ಚಿತ್ರ ತೆಗೆಯಿರಿ’ ಎಂದು ಬರೆಯಿರಿ. ಸರ್ವಿಸಿಗೆಂದು ಮ್ಯಾನುಯಲ್‌ಗೆ ತಿರುಗಿಸಿದ ಗುಂಡಿಯನ್ನು ವಾಪಸು ಆಟೋಗೆ, ಅಂದರೆ ಪಂಪು ತಾನೇ ಶುರುವಾಗುವ ಸ್ಥಿತಿಗೆ ತರಲು ಮರೆಯುವುದು ಸಾಮಾನ್ಯ. ಅದು ಬೆಂಕಿ ಬಿದ್ದ ದಿನವೇ ಬೆಳಕಿಗೆ ಬರುವಂತಾಗಬಾರದು. ಎಸ್‌ಟಿಪಿಗೆ ದಿನದ ಒಂದು ಚಿತ್ರ ಸಾಕು: ಗಾಳಿಯಾಡಿಸುವ ತೊಟ್ಟಿಯ ನೀರನ್ನು ಒಂದು ಲೀಟರಿನ ಗಾಜಿನ ಅಳತೆಯಲ್ಲಿ ಹಿಡಿದು, 30 ನಿಮಿಷ ಬಿಟ್ಟು, ಕೆಳಗೆ ಕುಳಿತ ಕೆಸರಿನ ಮಟ್ಟ. ಆಪರೇಟರುಗಳಿಗೆ ಇದು ಗೊತ್ತಿರುವ ಪರೀಕ್ಷೆಯೇ. ಒಂದು ತಿಂಗಳ ಚಿತ್ರಗಳನ್ನು ಸಾಲಾಗಿ ನೋಡಿದರೆ ಘಟಕದ ಆರೋಗ್ಯ ನಿಮಗೂ ಅರ್ಥವಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಶುದ್ಧೀಕರಿಸಿದ ನೀರಿನ ಬೆಲೆ ಅನೇಕರಿಗೆ ತಿಳಿಯಿತು.

ಕೆಟ್ಟದ್ದನ್ನು ದುರಸ್ತಿ ಮಾಡಿದಾಗ ಮೂರೇ ಸಾಲು: ಏನಾಗಿತ್ತು, ಯಾಕಾಗಿತ್ತು, ಏನು ಹಾಕಿದಿರಿ. ಬರೆಯಲು ಬಾರದವರು ಧ್ವನಿಯಲ್ಲಿ ಹೇಳಲಿ, ಯಾವ ಭಾಷೆಯಲ್ಲಾದರೂ ಹೇಳಲಿ. ನಿಮ್ಮ ಎಸ್‌ಟಿಪಿ ಆಪರೇಟರ್ ಒಡಿಶಾದವರಾದರೆ ಅವರಿಗೆ ಕನ್ನಡದ ಚೀಟಿಯೂ ಕಷ್ಟ, ಇಂಗ್ಲಿಷಿನದೂ ಕಷ್ಟ. ಚಿತ್ರಗಳ ಚೀಟಿ ಮಾಡಿ.

ಎಚ್ಚರಿಕೆ, ಇದನ್ನು ಓದದೆ ಮುಂದೆ ಹೋಗಬೇಡಿ: ತಿರುಗುವ ಯಂತ್ರವನ್ನು ಬಿಚ್ಚುವ, ಕೈಹಾಕಿ ದುರಸ್ತಿ ಮಾಡುವ ಪ್ರತಿ ಚೀಟಿಯ ಮೊದಲ ಸಾಲು ‘ಮೇನ್ ಆರಿಸಿ, ಬೀಗ ಹಾಕಿ, ಫಲಕ ತಗುಲಿಸಿ’ ಎಂದಿರಲಿ. ಎಸ್‌ಟಿಪಿಯ ತೊಟ್ಟಿ ಸ್ವಚ್ಛಗೊಳಿಸುವ ಚೀಟಿಯನ್ನು ನಿಮ್ಮ ಸಿಬ್ಬಂದಿಯ ಹೆಸರಿಗೆ ಎಂದೂ ಹೊರಡಿಸಬೇಡಿ. ಮುಚ್ಚಿದ ತೊಟ್ಟಿಯಲ್ಲಿ ಸೇರುವ ಹೈಡ್ರೋಜನ್ ಸಲ್ಫೈಡ್ ಅನಿಲ ಉಸಿರಾಟವನ್ನೇ ನಿಲ್ಲಿಸುತ್ತದೆ. ಮೊದಲು ಇಳಿದವರನ್ನು ಎತ್ತಲು ಹೋದವರೂ ಸಾಯುತ್ತಾರೆ. ರಕ್ಷಣಾ ವ್ಯವಸ್ಥೆಯಿಲ್ಲದೆ ಮನುಷ್ಯರನ್ನು ಒಳಚರಂಡಿ, ಮಲಗುಂಡಿಗಳಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ತಂತ್ರಾಂಶ ಕೆಂಪು ಬಣ್ಣದಲ್ಲಿ ‘ಅವಧಿ ಮೀರಿದೆ’ ಎಂದು ತೋರಿಸುತ್ತಿದೆಯೆಂದು ಯಾರನ್ನೂ ಅವಸರಪಡಿಸಿ ಇಳಿಸಬೇಡಿ. ತೊಟ್ಟಿ ಸ್ವಚ್ಛಗೊಳಿಸುವ ಯಂತ್ರವಿರುವ ಏಜೆನ್ಸಿಯನ್ನೇ ಕರೆಸಿ.

6. ಕಾಗದಪತ್ರ, ಬಿಡಿಭಾಗ

ಇದನ್ನು ಬೇಗ ಮುಗಿಸಬಹುದು. ಲಿಫ್ಟಿನ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ, ವಿಮೆ, ಎ.ಎಂ.ಸಿ. ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದಗಳನ್ನೂ ಯಂತ್ರಗಳಂತೆಯೇ ಪಟ್ಟಿಗೆ ಸೇರಿಸಿ, ಮುಗಿಯುವುದಕ್ಕೆ 60 ದಿನ ಮೊದಲು ನೆನಪಿಸುವಂತೆ ಹೇಳಿ. ಕಚೇರಿಗೆ ಓಡಾಡುವುದಕ್ಕೆ 15 ದಿನ ಸಾಲುವುದಿಲ್ಲ. ಅಗ್ನಿಶಾಮಕ ಸಿಲಿಂಡರುಗಳ ಮೇಲೆ ಬರೆದಿರುವ ಮುಂದಿನ ಪರೀಕ್ಷೆಯ ದಿನಾಂಕವೂ ಇಲ್ಲಿಗೇ ಸೇರಲಿ.

ಬಿಡಿಭಾಗಗಳ ಉಗ್ರಾಣವನ್ನು ತಂತ್ರಾಂಶದಲ್ಲಿ ನಡೆಸಲು ಹೋಗಬೇಡಿ, ಮೊದಲ ವರ್ಷವಂತೂ ಬೇಡ. ಪ್ರತಿ ನಟ್ಟು ಬೋಲ್ಟು ಲೆಕ್ಕ ಇಡಲು ಹೊರಟವರು ಮೂರನೆಯ ತಿಂಗಳಲ್ಲಿ ಲೆಕ್ಕ ತಪ್ಪಿ ಎಲ್ಲವನ್ನೂ ಕೈಬಿಡುತ್ತಾರೆ. ಇಲ್ಲದಿದ್ದರೆ ಯಂತ್ರ ನಿಂತೇಬಿಡುವ ಎಂಟು ಹತ್ತು ವಸ್ತುಗಳಿರುತ್ತವೆ: ಎಸ್‌ಟಿಪಿಗೆ ಗಾಳಿ ಊದುವ ಬ್ಲೋವರಿನ ಬೆಲ್ಟು, ಪಂಪಿನಿಂದ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲು, ಮೋಟಾರಿಗೆ ಕರೆಂಟು ಹಾಯಿಸುವ ಕಾಂಟ್ಯಾಕ್ಟರು, ಡಿ.ಜಿ.ಯ ಫಿಲ್ಟರು ಇಂಥವು. ಅವುಗಳ ಸಂಖ್ಯೆ ಮಾತ್ರ ಇಡಿ.

7. ತಿಂಗಳಿಗೊಮ್ಮೆ ಓದಿ

ಮಾರಾಟಗಾರರು ತೋರಿಸುವ ಬಣ್ಣದ ಚಕ್ರಗಳ ಪರದೆಯನ್ನು ಮರೆತುಬಿಡಿ. ತಿಂಗಳ ಸಭೆಗೆ ಎರಡು ಪಟ್ಟಿ ಸಾಕು. ಒಂದು, ಅವಧಿ ಮೀರಿಯೂ ಆಗದ ಕೆಲಸಗಳು. ಇನ್ನೊಂದು, ಆರು ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಕೆಟ್ಟ ಯಂತ್ರಗಳು. ಎರಡನೆಯದರಲ್ಲಿ ಓಡಿದ ಗಂಟೆಯನ್ನು ಕೆಟ್ಟ ಸಲಗಳಿಂದ ಭಾಗಿಸಿ: ಉದಾಹರಣೆಗೆ 1,800 ಗಂಟೆ ಓಡಿದ ಪಂಪು ಮೂರು ಸಲ ನಿಂತಿದ್ದರೆ 600. ಇದಕ್ಕೆ ‘ಎಂಟಿಬಿಎಫ್’ ಎನ್ನುತ್ತಾರೆ, ಎರಡು ಕೆಡುಕುಗಳ ನಡುವಿನ ಸರಾಸರಿ ಓಟ. ಈ ಅಂಕಿ ಪ್ರತಿ ಆರು ತಿಂಗಳಿಗೂ ಇಳಿಯುತ್ತಿದ್ದರೆ ದುರಸ್ತಿ ಬಿಟ್ಟು ಹೊಸ ಪಂಪಿನ ದರಪಟ್ಟಿ ತರಿಸಿ.

ಎಲ್ಲ ಚೀಟಿಗಳೂ ಹೊತ್ತಿಗೆ ಸರಿಯಾಗಿ ಮುಗಿದಿವೆ, ನೂರಕ್ಕೆ ನೂರು ಎಂದು ವರದಿ ಬಂದರೆ ಸಂತೋಷಪಡುವ ಮುನ್ನ ಪಂಪ್ ಕೋಣೆಗೆ ಇಳಿದು ಎರಡು ಅಂಕಿಗಳನ್ನು ಮೀಟರಿನೊಂದಿಗೆ ಹೋಲಿಸಿ ನೋಡಿ. ಆಗದ ಕೆಲಸವನ್ನು ‘ಆಗಿಲ್ಲ’ ಎಂದು ಬರೆದ ಸಿಬ್ಬಂದಿಯನ್ನು ಗದರಬೇಡಿ. ಒಂದು ಸಲ ಗದರಿದರೆ ಮುಂದಿನ ತಿಂಗಳಿಂದ ಎಲ್ಲವೂ ಆಗಿರುತ್ತದೆ, ಕಾಗದದಲ್ಲಿ.

8. ಸಮಿತಿ ಬದಲಾಗುವ ಮುನ್ನ

ತಂತ್ರಾಂಶದ ಮುಖ್ಯ ಖಾತೆ ಕಾರ್ಯದರ್ಶಿಯ ಸ್ವಂತ ಇಮೇಲ್ ವಿಳಾಸದಲ್ಲಿದ್ದರೆ ಇಂದೇ ಬದಲಿಸಿ. ಸಂಘದ ಹೆಸರಿನಲ್ಲೊಂದು ಇಮೇಲ್, ಸಂಘದ ಹೆಸರಿನಲ್ಲೊಂದು ಸಿಮ್, ಒಟಿಪಿ ಅದಕ್ಕೇ ಬರಲಿ. ಆ ಮೊಬೈಲು ಕಚೇರಿಯ ಮೇಜಿನ ಖಾನೆಯಲ್ಲಿರಲಿ. ಮೂರು ತಿಂಗಳಿಗೊಮ್ಮೆ ಎಲ್ಲ ದಾಖಲೆಗಳನ್ನು ಹೊರತೆಗೆದು ಒಂದು ಪ್ರತಿ ಪೆನ್ ಡ್ರೈವಿನಲ್ಲಿ ಇಡಿ. ಹಳೆಯ ಲಾಗ್ ಬುಕ್ಕುಗಳನ್ನೂ ರದ್ದಿಗೆ ಹಾಕಬೇಡಿ. ಕೊಳವೆ ಬಾವಿಯನ್ನು ಎಷ್ಟು ಅಡಿಗೆ ಕೊರೆಸಿದ್ದು, ಮೋಟಾರನ್ನು ಎಷ್ಟು ಪೈಪುಗಳ ಆಳಕ್ಕೆ ಇಳಿಸಿದ್ದು ಎಂಬುದು ಸಾಮಾನ್ಯವಾಗಿ ಅವುಗಳ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತದೆ.